ಡಂಪ್ಲಿಂಗ್‌ಗೆ ಕೌಂಟರ್ ಫ್ಲೋರ್‌ ಹಿಟ್ಟು ಹೇಗಿದೆ?

ಜಮೈಕಾದ ಕಿಂಗ್‌ಸ್ಟನ್‌ಗೆ ಬಂದ ಹೊಸದರಲ್ಲಿ ಮೂರು ಸಲ ಡಂಪ್ಲಿಂಗ್, ಅಂದರೆ ನೀರಲ್ಲಿ ಬೇಯಿಸುವ ಮೈದಾ ಉಂಡೆ, ಮಾಡಿದೆ. ಮೂರೂ ಸಲ ಬೇಕಿಂಗ್ ಫ್ಲೋರ್ ಅನ್ನುವ ಹಿಟ್ಟಿನಲ್ಲೇ. ಬೆಳ್ಳಗೆ, ನುಣ್ಣಗೆ ಚೆನ್ನಾಗಿಯೇ ಇತ್ತು ಹಿಟ್ಟು. ಬೆಂದ ಮೇಲೆ ನೋಡಿದರೆ ಮೈಯೆಲ್ಲ ಲೋಳೆ, ಕಚ್ಚಿದರೆ ಮೆತ್ತಗೆ. ಪಕ್ಕದ ಮನೆ ಅಜ್ಜಿ ಒಂದು ತುಂಡು ಬಾಯಿಗೆ ಹಾಕಿಕೊಂಡರು. ರುಚಿ ಬಗ್ಗೆ ಏನೂ ಹೇಳಲಿಲ್ಲ. ಪ್ಯಾಕೆಟ್ ತಿರುಗಿಸಿ ನೋಡಿ, ಇದು ಕೇಕಿಗೆ, ಕೌಂಟರ್ ಫ್ಲೋರ್ ತಗೋ ಅಂದರು.

ಜಮೈಕಾದಲ್ಲಿ ಅಗ್ಗದ ಮೈದಾಕ್ಕೆ ಈ ಹೆಸರು. ಅಂಗಡಿಯವರು ದೊಡ್ಡ ಚೀಲದಿಂದ ತೆಗೆದು ಕೌಂಟರಿನಲ್ಲಿ ತೂಗಿ ಕೊಡುತ್ತಿದ್ದರಿಂದ ಹೀಗೆ ಕರೆಯುತ್ತಾರೆ. ಈಗ ಪ್ಯಾಕೆಟ್‌ನಲ್ಲೂ ಸಿಗುತ್ತದೆ. ಬಣ್ಣ ಸ್ವಲ್ಪ ಮಾಸಲು. ನೋಡಿದರೆ ತಗೊಳ್ಳೋಣ ಅನಿಸುವುದಿಲ್ಲ.

ಆದರೆ ನಾದಲು ಕೂತಾಗ ಗೊತ್ತಾಗುತ್ತದೆ. 2 ಕಪ್ ಹಿಟ್ಟು, ಅರ್ಧ ಚಮಚ ಉಪ್ಪು, ನೀರು. ಯೀಸ್ಟೂ ಬೇಡ, ಬೇಕಿಂಗ್ ಪೌಡರೂ ಬೇಡ. ಮುಕ್ಕಾಲು ಕಪ್ ನೀರು ಪಕ್ಕದಲ್ಲಿಟ್ಟುಕೊಂಡು ಚೂರು ಚೂರೇ ಹಾಕುತ್ತೇನೆ, ಕೊನೆಗೆ ಒಂದಿಷ್ಟು ಉಳಿದೇ ಉಳಿಯುತ್ತದೆ. ಹಿಟ್ಟು ಪೂರಿ ಹಿಟ್ಟಿನಷ್ಟು ಗಟ್ಟಿ ಇರಬೇಕು. ಮೊದಲ ಐದು ನಿಮಿಷ ಕೈಗೆ ಬಗ್ಗುವುದೇ ಇಲ್ಲ, ಮಣಿಕಟ್ಟು ನೋಯುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ನಯವಾಗುತ್ತದೆ. ಬೆರಳಲ್ಲಿ ಒತ್ತಿದರೆ ನಿಧಾನಕ್ಕೆ ಮೇಲೇಳುತ್ತದೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡುತ್ತೇನೆ.

ಉಂಡೆ ಮಾಡಿ, ವಡೆಯ ಹಾಗೆ ತಟ್ಟಿ, ನಡುವೆ ಹೆಬ್ಬೆರಳಲ್ಲಿ ಒಂದು ಗುಳಿ. ಗುಳಿ ಚೆಂದಕ್ಕಲ್ಲ, ನಡುಭಾಗ ಹಸಿ ಉಳಿಯದಿರಲಿ ಅಂತ. ಉಪ್ಪು ಹಾಕಿದ ನೀರು ಕುದಿಯುತ್ತಿರುವಾಗಲೇ ಬಿಡಬೇಕು. ತೇಲಿದ ತಕ್ಷಣ ತೆಗೆಯಬೇಡಿ, ನಾನು ತೆಗೆದು ಪಾಠ ಕಲಿತೆ. ಒಟ್ಟು 15 ನಿಮಿಷ ಬೇಕು. ಒಂದನ್ನು ಮುರಿದು ನೋಡಿ, ಒಳಗೆ ಹಸಿ ಹಿಟ್ಟಿನ ಗೆರೆ ಕಾಣಬಾರದು.

ಕೌಂಟರ್ ಫ್ಲೋರ್‌ನ ಡಂಪ್ಲಿಂಗ್ ಹಲ್ಲಿಗೆ ಸಿಗುತ್ತದೆ. ಮುದ್ದೆ ನುಂಗಿ ಬೆಳೆದ ನನಗೆ ಇಷ್ಟು ಅಗಿಯುವುದೇ ಹೊಸದು. ಇಲ್ಲಿಯವರಿಗೆ ಹೀಗೇ ಇರಬೇಕು. ಬೇಯಿಸಿದ ಯಾಮ್ ಗೆಡ್ಡೆ, ಹಸಿರು ಬಾಳೆಕಾಯಿ ಜೊತೆ ತಟ್ಟೆಗೆ ಬರುವ ಇದನ್ನೂ ಸೇರಿಸಿ 'ಹಾರ್ಡ್ ಫುಡ್' ಅನ್ನುತ್ತಾರೆ, ಸುಮ್ನೆ ಅಲ್ಲ.

ಸ್ಪಿನ್ನರ್‌ಗಂತೂ ಈ ಹಿಟ್ಟೇ ಸರಿ. ಅದು ಬೆರಳಿನಷ್ಟು ಸಣ್ಣ ಡಂಪ್ಲಿಂಗ್. ದೀಪದ ಬತ್ತಿ ಹೊಸೆದ ಹಾಗೆ ಎರಡು ಅಂಗೈ ನಡುವೆ ಉಜ್ಜಿ, ಸ್ಟ್ಯೂ ಪೀಸ್ ಅನ್ನುವ ಕಾಳಿನ ಸಾರಿಗೆ ಬಿಡುವುದು. ಕೆಂಪು ರಾಜ್ಮಾ, ತೆಂಗಿನ ಹಾಲು, ಥೈಮ್ ಸೊಪ್ಪು ಎಲ್ಲ ಕುದಿಯುವ ಆ ಪಾತ್ರೆಯಲ್ಲಿ ಸ್ಪಿನ್ನರ್ ಕರಗದೆ ನಿಂತಿತು. ಇಲ್ಲಿ ಉಪ್ಪು ಹಾಕಿಟ್ಟ ಮಾಂಸವೂ ಬೀಳುತ್ತದೆ, ನಾನು ಅದನ್ನು ಬಿಟ್ಟೆ. ಅಜ್ಜಿಗೆ ಅದು ಒಪ್ಪಿಗೆಯಾಗಲಿಲ್ಲ.

ದೂರು ಇಲ್ಲದಿಲ್ಲ. ಒಮ್ಮೆ ಅಂಗಡಿಯಲ್ಲಿ ತೂಗಿಸಿ ತಂದ ಹಿಟ್ಟಿನಲ್ಲಿ ಹುಳ ಬಂತು, ಪೂರ್ತಿ ಎಸೆದೆ. ಈಗ ಪ್ಯಾಕೆಟ್ಟೇ ತರುತ್ತೇನೆ, ಆದರೂ ಜರಡಿ ಹಿಡಿಯದೆ ಬಳಸುವುದಿಲ್ಲ. ಇದರಲ್ಲಿ ಕೇಕ್ ಮಾಡಿದರೆ ಇಟ್ಟಿಗೆ ಆಗುತ್ತದೆ, ಅದು ಹಿಟ್ಟಿನ ತಪ್ಪಲ್ಲ ಬಿಡಿ.

ಉಳಿದ ಡಂಪ್ಲಿಂಗ್ ಮರುದಿನ ಇನ್ನೂ ಗಟ್ಟಿ. ಹೋಳು ಮಾಡಿ ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಹುರಿಯಿರಿ. ನಮ್ಮ ಮನೆಯಲ್ಲಿ ಅದಕ್ಕೋಸ್ಕರವೇ ನಾಲ್ಕು ಜಾಸ್ತಿ ಬೇಯಿಸುತ್ತೇವೆ.