ಎಐಎಸ್: ಫೀಡ್‌ಬ್ಯಾಕ್ ಒಂದನ್ನೇ ನಂಬಿ ಕೂರಬೇಡಿ

ಆದಾಯ ತೆರಿಗೆ ಇಲಾಖೆ 2021ರ ನವೆಂಬರ್‌ನಲ್ಲಿ ಶುರು ಮಾಡಿದ ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ನಿಜಕ್ಕೂ ಒಳ್ಳೆಯ ಸೇವೆ. ನಮ್ಮ ಪ್ಯಾನ್ ಮೇಲೆ ಬ್ಯಾಂಕು, ಸಬ್‌ರಿಜಿಸ್ಟ್ರಾರ್ ಕಚೇರಿ, ಮ್ಯೂಚುವಲ್ ಫಂಡ್‌ನವರು ಏನೇನು ವರದಿ ಮಾಡಿದ್ದಾರೆ ಎಂಬುದು ರಿಟರ್ನ್ ತುಂಬುವ ಮೊದಲೇ ಗೊತ್ತಾಗುತ್ತದೆ. ತಪ್ಪಿದ್ದರೆ ಅಲ್ಲೇ ಫೀಡ್‌ಬ್ಯಾಕ್ ಕೊಟ್ಟು ಹೇಳಲೂಬಹುದು. ಹೇಳಿದ ಮಾತ್ರಕ್ಕೆ ಮೂಲ ದಾಖಲೆ ಸರಿಹೋಗುತ್ತದೆ ಎಂದುಕೊಂಡರೆ ಮಾತ್ರ ಕೆಟ್ಟಿರಿ.

ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಲಾಗಿನ್ ಆಗಿ ಎಐಎಸ್ ಒತ್ತಿದರೆ ಹೊಸ ಟ್ಯಾಬ್ ತೆರೆಯುತ್ತದೆ. ಬ್ರೌಸರ್ ಪಾಪ್‌ಅಪ್ ತಡೆದಿದ್ದರೆ ಏನೂ ಆಗುವುದಿಲ್ಲ, ಮೊದಲು ಆ ತಡೆ ತೆಗೆಯಿರಿ. ಪಿಡಿಎಫ್ ಪಾಸ್‌ವರ್ಡ್ ಎಂದರೆ ಸಣ್ಣ ಅಕ್ಷರದಲ್ಲಿ ಪ್ಯಾನ್, ಅದಕ್ಕೆ ಅಂಟಿಕೊಂಡು ಹುಟ್ಟಿದ ದಿನಾಂಕದ ಎಂಟು ಅಂಕಿ. ಮೇ ತಿಂಗಳಲ್ಲಿ ಇಳಿಸಿಕೊಂಡ ಪ್ರತಿಯನ್ನು ನೆಚ್ಚಬೇಡಿ. ಬ್ಯಾಂಕುಗಳ ಎಸ್‌ಎಫ್‌ಟಿ (ದೊಡ್ಡ ಹಣಕಾಸು ವ್ಯವಹಾರಗಳ) ವರದಿಗೂ ಕೊನೆಯ ತ್ರೈಮಾಸಿಕದ ಟಿಡಿಎಸ್ (ಮೂಲದಲ್ಲೇ ಮುರಿದುಕೊಂಡ ತೆರಿಗೆ) ವಿವರಕ್ಕೂ ಗಡುವು ಮೇ 31. ಹಾಗಾಗಿ ಜೂನ್ ಮಧ್ಯದ ನಂತರ ಇನ್ನೊಮ್ಮೆ ನೋಡಲೇಬೇಕು.

ಹೆಚ್ಚು ಗೋಜಲಾಗುವುದು ಜಂಟಿ ಎಫ್‌ಡಿಯಲ್ಲಿ. ದುಡ್ಡು ಮಗನದು, ಠೇವಣಿಯಲ್ಲಿ ಮೊದಲ ಹೆಸರು ಅಪ್ಪನದು ಎಂದಿಟ್ಟುಕೊಳ್ಳಿ. ಬಡ್ಡಿ, ಟಿಡಿಎಸ್ ಎರಡೂ ಅಪ್ಪನ ಪ್ಯಾನ್‌ಗೆ ಹೋಗುತ್ತವೆ. ಅಪ್ಪನ ಎಐಎಸ್‌ನಲ್ಲಿ ಆ ಸಾಲಿನ ಎದುರಿನ ಫೀಡ್‌ಬ್ಯಾಕ್ ಗುಂಡಿ ಒತ್ತಿ, ‘ಮಾಹಿತಿ ಬೇರೆ ಪ್ಯಾನ್‌ಗೆ ಸೇರಿದ್ದು’ ಎಂಬ ಅರ್ಥದ ಆಯ್ಕೆ ಕೊಟ್ಟರೆ ಟಿಐಎಸ್ ಎಂಬ, ಎಐಎಸ್‌ನದೇ ಸಾರಾಂಶದ ಮೊತ್ತ ಬದಲಾಗುತ್ತದೆ. ಆದರೆ ಪ್ಯಾನ್‌ಗೆ ಜಮೆಯಾದ ಟಿಡಿಎಸ್ ತೋರಿಸುವ 26ಎಎಸ್ ಪಟ್ಟಿ ಅಲುಗಾಡುವುದಿಲ್ಲ, ಟಿಡಿಎಸ್ ಅಪ್ಪನ ಖಾತೆಯಲ್ಲೇ ಉಳಿಯುತ್ತದೆ. ಅದಕ್ಕೆ ಬ್ಯಾಂಕಿಗೇ ಹೋಗಿ, ಮಗನ ಹೆಸರು, ವಿಳಾಸ, ಪ್ಯಾನ್, ಕಾರಣ ಬರೆದು ಘೋಷಣಾ ಪತ್ರ ಕೊಡಬೇಕು. ಬ್ಯಾಂಕು ಅದರಂತೆ ಟಿಡಿಎಸ್ ವಿವರ ಸಲ್ಲಿಸಿದರೆ ಮಾತ್ರ ಮಗನಿಗೆ ಕ್ರೆಡಿಟ್. ಕೊಟ್ಟ ಪತ್ರದ ನಕಲಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಗಾಬರಿಯೇ ಬೇರೆ. ಉಳಿತಾಯ ಖಾತೆಗಳಿಗೆ ವರ್ಷದಲ್ಲಿ 10 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ವರದಿ ಮಾಡುತ್ತದೆ, ಅದು ಎಐಎಸ್‌ನಲ್ಲಿ ಕಾಣುತ್ತದೆ. ಅದು ಜಮೆಯ ಮಾಹಿತಿ, ಆದಾಯವೆಂಬ ತೀರ್ಮಾನವಲ್ಲ. ಜಮೆ ನಿಜವಾಗಿದ್ದರೆ ನಿರಾಕರಿಸಲು ಹೋಗಬೇಡಿ. ಪಹಣಿ ಮತ್ತು ಮಂಡಿಯ ಅಧಿಕೃತ ಮಾರಾಟ ಪಟ್ಟಿ ಜೋಪಾನವಾಗಿರಲಿ, ಬಿಲ್ಲಿಲ್ಲದೆ ಬರೆದುಕೊಟ್ಟ ಬಿಳಿ ಚೀಟಿ ನೆರವಿಗೆ ಬರುವುದಿಲ್ಲ. ಕೃಷಿ ಆದಾಯ 5,000 ರೂಪಾಯಿ ದಾಟಿದ್ದರೆ ಐಟಿಆರ್-1 ಎಂಬ ಸರಳ ರಿಟರ್ನ್ ನಮೂನೆ ಬಳಸುವಂತಿಲ್ಲ ಎಂಬುದೂ ನೆನಪಿರಲಿ.

2024ರ ಮೇ ತಿಂಗಳಲ್ಲಿ ಸೇರಿಸಿದ ಸೌಲಭ್ಯ ಈ ಸೇವೆಗೆ ಬಂದ ಅತ್ಯುತ್ತಮ ಸುಧಾರಣೆ. ನಮ್ಮ ಆಕ್ಷೇಪ ವರದಿ ಮಾಡಿದವರಿಗೆ ಹೋಯಿತೇ, ಯಾವತ್ತು ಹೋಯಿತು, ಅವರು ಯಾವತ್ತು ಉತ್ತರಿಸಿದರು, ಏನೆಂದರು, ಇವೆಲ್ಲ ಈಗ ಕಾಣುತ್ತವೆ. ಇಷ್ಟು ದಿನದೊಳಗೆ ಉತ್ತರ ಬರಬೇಕೆಂಬ ಗಡುವನ್ನೂ ಅಲ್ಲೇ ತೋರಿಸಬೇಕು. ರಿಟರ್ನ್ ಹಾಕುವವರಿಗೆ ಕೊನೆಯ ದಿನಾಂಕ ಇರುವಾಗ, ತಪ್ಪು ಮಾಹಿತಿ ಕಳಿಸಿದವರಿಗೂ ಅದು ಎಲ್ಲರಿಗೂ ಕಾಣುವಂತೆ ಇರಬೇಕು.