ಸೀಲ್ ಮಾಡಿದ ಎಲ್‌ಇಡಿ ದೀಪ ಮಾಡುವವರೇ, ಗ್ಯಾಸ್ಕೆಟ್ ಯಾವುದೆಂದು ನೋಡಿಕೊಳ್ಳಿ

ಬಯಲಲ್ಲಿ ಹಾಕುವ, ನೀರು ನುಗ್ಗದ ಹಾಗೆ ಮುಚ್ಚಿದ ಎಲ್‌ಇಡಿ ದೀಪ ತಯಾರಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮದು ಸಣ್ಣ ಘಟಕ. ನೀರು ಬರದಂತೆ ಗಾಜಿನ ಅಂಚಿಗೆ ಕೂರಿಸುವ ಒಂದು ರಬ್ಬರ್ ಪಟ್ಟಿಯಿಂದಾಗಿ, ಅಂದರೆ ಗ್ಯಾಸ್ಕೆಟ್‌ನಿಂದಾಗಿ, ಮುನ್ನೂರು ದೀಪ ವಾಪಸ್ ತಂದೆವು. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಎಲ್‌ಇಡಿಗಳು ಒಳ್ಳೆಯ ಕಂಪನಿಯವು, 2835 ಅಳತೆಯವು (2.8 x 3.5 ಮಿ.ಮೀ.). ಅವಕ್ಕೆ ಕರೆಂಟ್ ಕೊಡುವ ಡ್ರೈವರ್ ಚೆನ್ನಾಗಿತ್ತು. ಬಿಸಿ ಹೊರಹಾಕುವ ಹೀಟ್‌ಸಿಂಕ್‌ಗಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆವು. ಸ್ಯಾಂಪಲ್ ದೀಪಗಳು ಹಗಲೂ ರಾತ್ರಿ ಉರಿದವು, ಬೆಳಕು ಇಳಿಯಲಿಲ್ಲ. ಆ ಧೈರ್ಯದ ಮೇಲೆ ದೊಡ್ಡ ಆರ್ಡರ್ ಒಪ್ಪಿಕೊಂಡೆವು.

ಐದನೇ ತಿಂಗಳಿಗೆ ಮೊದಲ ಫೋನ್ ಬಂತು. "ದೀಪ ಉರೀತಿದೆ ಸಾರ್, ಆದ್ರೆ ಮೊದಲಿನ ಬೆಳಕಿಲ್ಲ." ಹೋಗಿ ವ್ಯಾಟ್ ಮೀಟರ್ ಹಾಕಿದೆ. ಮೊದಲ ದಿನ ಎಷ್ಟಿತ್ತೋ ಅಷ್ಟೇ ಇತ್ತು. ಡ್ರೈವರ್ ಒಂದೇ ಸಮನೆ ಕರೆಂಟ್ ಕೊಡುತ್ತಿತ್ತು. ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದಾಗ ಎದೆ ಧಸಕ್ಕೆಂದಿತು. ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಅಲ್ಲಿಗೆ ಉಳಿತಾಯದ ಲೆಕ್ಕವೂ ಮುಗಿಯಿತು. ಮೊದಲಿನ ಬೆಳಕು ಬೇಕೆಂದರೆ ಎರಡು ದೀಪ ಉರಿಸಬೇಕು.

ಒಂದು ದೀಪ ಕಳಚಿ ತಂದು ಗಾಜು ತೆಗೆದೆ. ಗುಪ್ಪೆಂದು ಹಳೇ ಟೈರಿನ ವಾಸನೆ. ಭೂತಗನ್ನಡಿ ಹಿಡಿದು ನೋಡಿದೆ. ಹೊಸ ಎಲ್‌ಇಡಿಯಲ್ಲಿ ನೀಲಿ ಬೆಳಕನ್ನು ಬಿಳಿಯಾಗಿಸುವ ಹಳದಿ ಫಾಸ್ಫರ್ ಪದರದ ಹಿಂದೆ ತಳ ಬೆಳ್ಳಗಿರುತ್ತದೆ. ಇಲ್ಲಿ ಅದು ಇದ್ದಿಲಿನ ಹಾಗೆ ಕಪ್ಪಾಗಿತ್ತು. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಕಪ್ಪು ಇದ್ದದ್ದು ಪದರದ ಅಡಿಯಲ್ಲಿ. ಇನ್ನೊಂದು ವಿಷಯ ಕಣ್ಣಿಗೆ ಬಿತ್ತು: ಗ್ಯಾಸ್ಕೆಟ್‌ಗೆ ಅಂಟಿಕೊಂಡಂತಿದ್ದ ಸಾಲು ಎಲ್ಲಕ್ಕಿಂತ ಕಪ್ಪು, ನಡುವಿನ ಸಾಲು ಸ್ವಲ್ಪ ವಾಸಿ.

ಆದದ್ದು ಇಷ್ಟು. ಇಂಥ ಎಲ್‌ಇಡಿಯ ತಳಕ್ಕೆ ಬೆಳ್ಳಿಯ ಲೇಪ ಇರುತ್ತದೆ. ಬೆಳಕನ್ನು ಮೇಲಕ್ಕೆ ತಿರುಗಿಸುವುದು ಅದೇ. ಅದರ ಮೇಲಿನ, ಫಾಸ್ಫರ್ ಬೆರೆಸಿದ ಸಿಲಿಕೋನ್ ಪದರ ನೋಡಲು ಗಟ್ಟಿ ಮುಚ್ಚಳದಂತಿದ್ದರೂ ಅನಿಲಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಎಷ್ಟೋ ಬಗೆಯ ರಬ್ಬರನ್ನು ಗಂಧಕ ಹಾಕಿ ಗಟ್ಟಿ ಮಾಡಿರುತ್ತಾರೆ. ದೀಪ ಬಿಸಿಯಾದಾಗ ಆ ಗಂಧಕ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಮುಚ್ಚಿದ ದೀಪದಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಪದರ ದಾಟಿ ಬೆಳ್ಳಿಯನ್ನು ಹಿಡಿಯುತ್ತದೆ, ಬೆಳ್ಳಿ ಸಲ್ಫೈಡ್ ಆಗುತ್ತದೆ. ಮನೆಯ ಬೆಳ್ಳಿ ಸಾಮಾನು ಕಪ್ಪಾಗುವುದೂ ಹೀಗೇ.

ಸ್ಯಾಂಪಲ್‌ಗೆ ಬಂದ ಗ್ಯಾಸ್ಕೆಟ್ ಸಿಲಿಕೋನ್‌ದು. ದೊಡ್ಡ ಲಾಟಿನಲ್ಲಿ ಬಂದದ್ದು ಗಂಧಕ ಹಾಕಿದ ರಬ್ಬರ್. ಬಣ್ಣ, ಅಳತೆ, ಮೆದುತನ ಎಲ್ಲ ಒಂದೇ ಥರ. ಬಿಲ್ಲಿನಲ್ಲಿ ಸುಮ್ನೆ 'ಗ್ಯಾಸ್ಕೆಟ್' ಅಂತಿತ್ತು. ಸಪ್ಲೈಯರ್‌ಗೆ ಫೋನ್ ಮಾಡಿದರೆ, "ಅದೂ ರಬ್ಬರ್ರೇ ಅಲ್ವಾ ಸಾರ್? ಒಳಗೆ ನೀರು ಬಂತಾ?" ಅಂದರು. ನೀರು ಬಂದಿರಲಿಲ್ಲ, ನಿಜ. ಆದರೆ ಹೇಳದೆ ಮಾಲು ಬದಲಾಯಿಸಿದ್ದು ಮೋಸವೇ. ಆ ಮಾತು ಈಗಲೂ ನೆನಪಾದರೆ ಸಂಕಟವಾಗುತ್ತದೆ.

ಅದಕ್ಕೂ ಮೊದಲು ನಾವು ಎಲ್‌ಇಡಿ ಕಂಪನಿಯ ಮೇಲೆ ಹರಿಹಾಯ್ದಿದ್ದೆವು. ಎಲ್‌ಎಂ-80 ಎಂಬ ಬಾಳಿಕೆ ಪರೀಕ್ಷೆಯ ವರದಿ ಕೈಯಲ್ಲಿತ್ತಲ್ಲ! ಆ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 6000 ಗಂಟೆಯೋ ಅದಕ್ಕೂ ಹೆಚ್ಚೋ ಎಲ್‌ಇಡಿ ಉರಿಸಿ ಬೆಳಕು ಅಳೆಯುತ್ತಾರೆ. ಆ ಅಂಕಿಗಳ ಮೇಲೆ ಟಿಎಂ-21 ಲೆಕ್ಕ ಹಾಕಿ, ಬೆಳಕು ಶೇ. 70ಕ್ಕೆ ಇಳಿಯಲು ಎಷ್ಟು ಗಂಟೆ ಬೇಕೆಂದು ಅಂದಾಜು ಮಾಡುತ್ತಾರೆ. ಪರೀಕ್ಷೆಗೆ ಹೋಗುವುದು ಎಲ್‌ಇಡಿ ಮಾತ್ರ. ನಿಮ್ಮ ಡಬ್ಬಿ, ನಿಮ್ಮ ಅಂಟು, ನಿಮ್ಮ ಗ್ಯಾಸ್ಕೆಟ್ ಅಲ್ಲಿರುವುದಿಲ್ಲ. ನಮ್ಮ ಸ್ಯಾಂಪಲ್ ಪರೀಕ್ಷೆಯಲ್ಲೂ ಇದೇ ಎಡವಟ್ಟು ಮಾಡಿದ್ದೆವು. ತಾಪ ಅಳೆಯುವ ತಂತಿ ಒಳಗೆ ಬಿಡಲು ಗಾಜು ಮುಚ್ಚಿರಲೇ ಇಲ್ಲ. ಗಂಧಕದ ಬಗ್ಗೆ ಎಚ್ಚರಿಕೆ ಎಲ್‌ಇಡಿಯ ಡೇಟಾಶೀಟ್‌ನ ಕೊನೆಯ ಪುಟಗಳಲ್ಲಿ ಸ್ಪಷ್ಟವಾಗಿತ್ತು. ನಾವು ಎಷ್ಟು ಬೆಳಕು ಕೊಡುತ್ತದೆಂಬ ಲ್ಯೂಮೆನ್ ಅಂಕಿ ನೋಡಿ ಪುಟ ಮುಚ್ಚಿದ್ದೆವು.

ಈಗ ಲಾಟು ಬಂದ ಕೂಡಲೇ ಒಂದು ತುಂಡು ಕತ್ತರಿಸಿ, ಚಿಮಟದಲ್ಲಿ ಹಿಡಿದು, ಗಾಳಿಯಾಡುವ ಕಡೆ ಬೆಂಕಿ ಮುಟ್ಟಿಸುತ್ತೇವೆ. ಸಿಲಿಕೋನ್ ಆದರೆ ಬಿಳಿ ಬೂದಿ ಉಳಿಯುತ್ತದೆ. ಬೇರೆ ರಬ್ಬರ್ ಆದರೆ ಕಪ್ಪು ಹೊಗೆ, ಕೈಗೆ ಮಸಿ. ಜೊತೆಗೆ ಗಾಜಿನ ಜಾಡಿಯಲ್ಲಿ ಗ್ಯಾಸ್ಕೆಟ್ ತುಂಡು, ಉಜ್ಜಿ ಹೊಳಪು ಮಾಡಿದ ಬೆಳ್ಳಿ ತಗಡು, ಒಂದೆರಡು ಹನಿ ನೀರು ಹಾಕಿ ಮುಚ್ಚಿ, ಓವನ್‌ನಲ್ಲಿ 60 ಡಿಗ್ರಿಯಲ್ಲಿ ಇಡುತ್ತೇವೆ. ಈ ಉಪಾಯ ಮ್ಯೂಸಿಯಂಗಳದ್ದು. ಪ್ರದರ್ಶನದ ಪೆಟ್ಟಿಗೆಗೆ ಬಳಸುವ ಸಾಮಗ್ರಿ ಹಳೆಯ ವಸ್ತುಗಳನ್ನು ಕೆಡಿಸುತ್ತದೆಯೇ ಅಂತ ನೋಡಲು ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ಇದನ್ನು ಬಳಕೆಗೆ ತಂದರು. ಅಲ್ಲಿ 28 ದಿನ ಇಡುತ್ತಾರೆ. ನಮ್ಮ ಆ ಕೆಟ್ಟ ಗ್ಯಾಸ್ಕೆಟ್ ಮೂರನೇ ದಿನಕ್ಕೇ ತಗಡನ್ನು ಕಂದು ಮಾಡಿತು!

ಗ್ಯಾಸ್ಕೆಟ್ ಒಂದೇ ಅಲ್ಲ. ಅಂಟು, ಬೋರ್ಡಿಗೆ ಹಚ್ಚುವ ಲೇಪ, ಪ್ಲಾಸ್ಟಿಕ್ ಪಟ್ಟಿ ಇವುಗಳಿಂದಲೂ ಆವಿ ಬರಬಹುದು. ಅದು ಸಿಲಿಕೋನ್ ಪದರದೊಳಗೆ ಸೇರಿ ಬಿಸಿಗೂ ನೀಲಿ ಬೆಳಕಿಗೂ ಕಂದಾಗುತ್ತದೆ. ಹಾಗಾಗಿ ಪರೀಕ್ಷೆ ಮಾಡುವಾಗ ಎಲ್ಲವನ್ನೂ ಸೇರಿಸಿ, ಸ್ಕ್ರೂ ಬಿಗಿದು, ಮುಚ್ಚಿಯೇ ಉರಿಸಿ. ಆರ್ಡರ್‌ನಲ್ಲಿ 'ಗಂಧಕವಿಲ್ಲದ ಸಿಲಿಕೋನ್, ನಮ್ಮ ಒಪ್ಪಿಗೆಯಿಲ್ಲದೆ ಬದಲಾಯಿಸುವಂತಿಲ್ಲ' ಅಂತ ಬರೆಸಿ.

ಈಗಾಗಲೇ ದೀಪ ಹಾಕಿ ಬಂದವರು ಒಂದನ್ನಾದರೂ ಇಳಿಸಿ ಲಕ್ಸ್ ಮೀಟರ್ ಹಿಡಿದು ನೋಡಿ, ವ್ಯಾಟ್ ನೋಡಿ ಸಮಾಧಾನ ಪಡಬೇಡಿ. ಎಲ್‌ಇಡಿ ಕಂದಾಗಿದ್ದರೆ ಗಾಜು ತೆಗೆದು ಒಂದೆರಡು ದಿನ ಉರಿಸಿ ನೋಡಿ. ಆವಿಯಿಂದ ಆದದ್ದಾದರೆ ಎಷ್ಟೋ ಸಲ ಬಣ್ಣ ತಿಳಿಯಾಗಿ ಬೆಳಕು ಮರಳುತ್ತದೆ. ತಳದ ಬೆಳ್ಳಿಯೇ ಕಪ್ಪಾಗಿದ್ದರೆ ಅದು ಮರಳುವುದಿಲ್ಲ. ಆಗ ಗ್ಯಾಸ್ಕೆಟ್ ಜೊತೆ ಎಲ್‌ಇಡಿ ಬೋರ್ಡನ್ನೂ ಬದಲಾಯಿಸಬೇಕು.