ಚಿಕ್ಕ ಗನ್ನಿಗೆ ಯಾವ ಲೇಸರ್? ಎರಡನ್ನೂ ಹಾಕಿ ನೋಡಿದ ಮೇಲೆ

ನನಗೆ ಚಾಳೀಸು ಬಂದು ಕೆಲವು ವರ್ಷ ಆಯಿತು. ಕೈ ಚಾಚಿ ಗನ್ ಹಿಡಿದರೆ ಎದುರಿನ ಗುರಿ ಸ್ಪಷ್ಟವಾಗಿ ಕಾಣುತ್ತದೆ, ನಳಿಗೆಯ ತುದಿಯ ಫ್ರಂಟ್ ಸೈಟ್ (ಗುರಿ ಹಿಡಿಯುವ ಗುರುತು) ಮಾತ್ರ ಮಸುಕು. ಕನ್ನಡಕ ಹಾಕಿದರೆ ಉಲ್ಟಾ. ದೊಡ್ಡ ಪಿಸ್ತೂಲಿನಲ್ಲಿ ಇದನ್ನು ಹೇಗೋ ನಿಭಾಯಿಸಬಹುದು, ಜೇಬಿನಲ್ಲಿ ಇಡುವಂಥ ಚಿಕ್ಕ ಬ್ಯಾಕಪ್ ಗನ್ನಿನಲ್ಲಿ (ಆಪತ್ತಿಗೆಂದು ಇಡುವ ಎರಡನೇ ಗನ್) ಕಷ್ಟ. ಗುಂಡು ಬೀಳುವ ಕಡೆ ಬೆಳಕಿನ ಚುಕ್ಕೆ ತೋರಿಸುವ ಲೇಸರ್ ಕಡೆ ನಾನು ತಿರುಗಿದ್ದು ಇದಕ್ಕೇ. ಎರಡು ಗನ್, ಎರಡು ಬಗೆಯ ಲೇಸರ್ ಇಟ್ಟುಕೊಂಡು ತಿಂಗಳುಗಟ್ಟಲೆ ರೇಂಜಿನಲ್ಲೂ ಮನೆಯಲ್ಲೂ ಅಭ್ಯಾಸ ಮಾಡಿದ್ದೇನೆ. ಲೈಸೆನ್ಸ್ ಇದ್ದು, ಆತ್ಮರಕ್ಷಣೆಗೆ ಚಿಕ್ಕ ಗನ್ ಇಟ್ಟುಕೊಂಡು, ಲೇಸರ್ ಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲನೆಯದು ಸ್ಮಿತ್ ಅಂಡ್ ವೆಸನ್ 642. ಜೆ-ಫ್ರೇಮ್ (ಆ ಕಂಪನಿಯ ಚಿಕ್ಕ ಚೌಕಟ್ಟಿನ) ರಿವಾಲ್ವರ್, ಪಾಯಿಂಟ್ 38 ಸ್ಪೆಷಲ್ ಬಗೆಯ ಐದು ಗುಂಡು, ಎರಡು ಇಂಚಿಗಿಂತ ಸ್ವಲ್ಪ ಕಡಿಮೆ ನಳಿಗೆ, ಖಾಲಿ ಇದ್ದಾಗ ಸುಮಾರು 425 ಗ್ರಾಂ. ಇದಕ್ಕೆ ಹಾಕಿದ್ದು ಕೆಂಪು ಗ್ರಿಪ್ ಲೇಸರ್. ಹಿಡಿಯೊಳಗೇ ಲೇಸರ್ ಇರುತ್ತದೆ, ಹಿಡಿಯ ಮುಂಭಾಗದಲ್ಲಿ ಮಧ್ಯದ ಬೆರಳು ಕೂರುವ ಕಡೆ ಒಂದು ಒತ್ತುಗುಂಡಿ. ಎರಡನೆಯದು ರೂಗರ್ ಎಲ್‌ಸಿಪಿ. 2008ರಲ್ಲಿ ಬಂದ, 380 ಎಸಿಪಿ ಬಗೆಯ ಗುಂಡಿನ ಪಿಸ್ತೂಲ್, ತೂಕ 270 ಗ್ರಾಮಿನ ಆಸುಪಾಸು. ಇದಕ್ಕೆ ಟ್ರಿಗರ್ ಗಾರ್ಡಿಗೆ (ಟ್ರಿಗರಿನ ಸುತ್ತಲಿನ ಬಳೆ) ಕಚ್ಚಿಕೊಂಡು ನಳಿಗೆಯ ಕೆಳಗೆ ಕೂರುವ ಹಸಿರು ಲೇಸರ್. ಇದರ ಗುಂಡಿ ಪಕ್ಕದಲ್ಲಿದೆ, ಬೆರಳಿಂದ ಒಂದು ಸಲ ಒತ್ತಿದರೆ ಹತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ.

ಲೇಸರ್ ಇಲ್ಲದೆ ಬರೀ ಸೈಟಿನಲ್ಲಿ ಹೇಗೆ ಅನ್ನುವುದನ್ನು ಮೊದಲು ನೋಡೋಣ, ಇಲ್ಲದಿದ್ದರೆ ಹೋಲಿಕೆಗೆ ಅಳತೆಗೋಲೇ ಇರುವುದಿಲ್ಲ. ಇಂಥ ಗನ್ನುಗಳಲ್ಲಿ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಇರುವ ಅಂತರ ತೀರಾ ಕಡಿಮೆ. 10 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಮುಂದಿನ ಸೈಟ್ 1 ಮಿ.ಮೀ. ಆಚೀಚೆ ಆದರೆ 7 ಮೀಟರ್ ದೂರದಲ್ಲಿ ಗುಂಡು 7 ಸೆಂ.ಮೀ. ತಪ್ಪುತ್ತದೆ. 16-17 ಸೆಂ.ಮೀ. ಅಂತರ ಇರುವ ದೊಡ್ಡ ಪಿಸ್ತೂಲಿನಲ್ಲಿ ಅದೇ 1 ಮಿ.ಮೀ.ಗೆ 4 ಸೆಂ.ಮೀ. ಚಿಲ್ಲರೆ. ಚಾಳೀಸಿನ ಕಣ್ಣಿಗೆ 1 ಮಿ.ಮೀ. ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ರಿವಾಲ್ವರಿನ ಫ್ರಂಟ್ ಸೈಟಿಗೆ ಹೊಳೆಯುವ ಕಿತ್ತಳೆ ನೇಲ್ ಪಾಲಿಶ್ ಹಚ್ಚಿದೆ. ಹಚ್ಚುವ ಮೊದಲು ಸ್ಪಿರಿಟ್ಟಿನಿಂದ ಎಣ್ಣೆ ಒರೆಸಿ, ಅಡಿಗೆ ಬಿಳಿ ಬಣ್ಣ ಕೊಟ್ಟರೆ ಕಿತ್ತಳೆ ಎದ್ದು ಕಾಣುತ್ತದೆ. ಹಗಲಲ್ಲಿ ಇದರಿಂದ ತುಂಬಾ ಅನುಕೂಲ ಆಯಿತು, ಕತ್ತಲಲ್ಲಿ ಏನೂ ಇಲ್ಲ.

ಈಗ ಬಣ್ಣದ ವಿಷಯ. ಎಲ್ಲರೂ ಮೊದಲು ಕೇಳುವುದು ಇದನ್ನೇ. ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ತುಂಬಾ ಚುರುಕಾಗಿರುವುದು 555 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಸುತ್ತಮುತ್ತಲಿನ ಹಸಿರಿಗೆ. ಒಂದೇ ಶಕ್ತಿಯ ಲೇಸರ್ ಆದರೂ 532 ನ್ಯಾನೋಮೀಟರಿನ ಹಸಿರು, 635ರ ಕೆಂಪಿಗಿಂತ ಸುಮಾರು ನಾಲ್ಕು ಪಟ್ಟು ಪ್ರಕಾಶವಾಗಿ ಕಾಣುತ್ತದೆ. ಗನ್ನಿಗೆ ಹಾಕುವ ಲೇಸರುಗಳು ಸಾಮಾನ್ಯವಾಗಿ 5 ಮಿಲಿವ್ಯಾಟ್ ಮಿತಿಯೊಳಗೇ ಇರುವುದರಿಂದ ಕೆಂಪಿನ ಶಕ್ತಿ ಹೆಚ್ಚಿಸಿ ಸರಿಗಟ್ಟುವುದೂ ಆಗುವುದಿಲ್ಲ. ಮಟಮಟ ಮಧ್ಯಾಹ್ನ ಬಯಲಿನ ರೇಂಜಿನಲ್ಲಿ ನಿಂತು ನೋಡಿದೆ. ಕೆಂಪು ಚುಕ್ಕೆ ಐದಾರು ಹೆಜ್ಜೆ ದಾಟಿದ ಮೇಲೆ ಎಲ್ಲಿದೆ ಅಂತ ಹುಡುಕಬೇಕಾಯಿತು. ಹಸಿರು ಅದರ ಎರಡರಷ್ಟು ದೂರದಲ್ಲೂ ಸಿಕ್ಕಿತು. ಗುರಿ ಬೋರ್ಡಿನ ಬಣ್ಣದ ಮೇಲೂ ಇದು ನಿಂತಿದೆ. ಕೆಂಪು ಬಟ್ಟೆಯ ಮೇಲೆ ಕೆಂಪು ಚುಕ್ಕೆ, ಎಲೆಗಿಡದ ಮೇಲೆ ಹಸಿರು ಚುಕ್ಕೆ, ಎರಡೂ ಕಣ್ಣಿಗೆ ಬೀಳುವುದು ನಿಧಾನ.

ಆದರೆ ಬಿಸಿಲಲ್ಲಿ ಚುಕ್ಕೆ ಕಾಣದಿದ್ದರೂ ಸೈಟ್ ಕಾಣುತ್ತದೆ ಅಲ್ವಾ? ಲೇಸರ್ ಬೇಕಾಗುವುದು ಸೈಟ್ ಕಾಣದಿದ್ದಾಗ. ಮುಸ್ಸಂಜೆ, ದೀಪ ಆರಿಸಿದ ಕೋಣೆ, ಮಂದ ಬೆಳಕಿನ ಓಣಿ. ಅಂಥ ಕಡೆ ಎರಡೂ ಬಣ್ಣ ಚೆನ್ನಾಗಿಯೇ ಕಾಣುತ್ತವೆ. ನಿಜ ಹೇಳಬೇಕೆಂದರೆ ಪೂರ್ತಿ ಕತ್ತಲಲ್ಲಿ ಹಸಿರು ನನಗೆ ಜಾಸ್ತಿಯೇ ಆಯಿತು. ಹತ್ತಿರದ ಬಿಳಿ ಗೋಡೆಗೆ ಬಿಟ್ಟರೆ ಚುಕ್ಕೆಯ ಸುತ್ತ ಬೆಳಕು ಹರಡಿ ಕಣ್ಣು ಕುಕ್ಕುತ್ತದೆ. ಚಳಿಯ ಮಾತೂ ಇದೆ. ಹಳೆಯ ಬಗೆಯ 532ರ ಹಸಿರು ಲೇಸರಿನಲ್ಲಿ ಮೊದಲು ಕಣ್ಣಿಗೆ ಕಾಣದ ಅವಗೆಂಪು (ಇನ್ಫ್ರಾರೆಡ್) ಕಿರಣ ಹುಟ್ಟಿ, ಹರಳುಗಳ ಮೂಲಕ ಹಾದು ಹಸಿರಾಗುತ್ತದೆ. ತಂಪು ಜಾಸ್ತಿ ಆದರೆ ಅದು ಮಂಕಾಗುತ್ತದೆ. ನೇರವಾಗಿ ಹಸಿರು ಬೆಳಕನ್ನೇ ಕೊಡುವ 520ರ ಸುಮಾರಿನ ಹೊಸ ಡಯೋಡುಗಳಿಗೆ ಈ ತೊಂದರೆ ಕಡಿಮೆ. ಹಸಿರೇ ಬೇಕು ಅನ್ನುವವರು ಕೊಳ್ಳುವಾಗ ಈ ಸಂಖ್ಯೆ ಕೇಳಿ.

ನನ್ನ ಮಟ್ಟಿಗೆ ತೀರ್ಮಾನ ಆದದ್ದು ಬಣ್ಣದಿಂದಲ್ಲ, ಸ್ವಿಚ್ಚಿನಿಂದ.

ಒಂದು ಸಂಜೆ ರೇಂಜಿನಲ್ಲಿ ಬೆಳಕು ತಗ್ಗಿಸಿ ಅಭ್ಯಾಸ ಇತ್ತು. ಟೈಮರ್ ಕೂಗಿದ ಕೂಡಲೇ ಹೋಲ್‌ಸ್ಟರಿನಿಂದ (ಗನ್ ಇಡುವ ಚೀಲ) ಗನ್ ತೆಗೆದು ಎರಡು ಗುಂಡು. ಎಲ್‌ಸಿಪಿ ತೆಗೆದೆ. ಹೆಬ್ಬೆರಳು ಗುಂಡಿ ಹುಡುಕಲು ಹೋಯಿತು, ಹಿಡಿತ ಸಡಿಲವಾಯಿತು. ಗುಂಡಿ ಸಿಕ್ಕಿತು, ಒತ್ತಿದೆ. ಮತ್ತೆ ಹಿಡಿತ ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದವರ ಎರಡೂ ಗುಂಡು ಹಾರಿ ಆಗಿತ್ತು. ಮುಂದಿನ ಸಲ ಗಡಿಬಿಡಿಯಲ್ಲಿ ಎರಡು ಸಲ ಒತ್ತಿದೆ. ಹತ್ತಿ, ಆರಿಹೋಯಿತು. ಮೂರನೇ ಸಲ ಒತ್ತಲು ಮರೆತೇ ಹೋಯಿತು, ಇಲ್ಲದ ಚುಕ್ಕೆಯನ್ನು ಬೋರ್ಡಿನ ಮೇಲೆ ಹುಡುಕುತ್ತ ನಿಂತೆ. ಆ ಹುಡುಕಾಟ ನನ್ನನ್ನು ನಿಜಕ್ಕೂ ಹೆದರಿಸಿತು. ಸುಮ್ನೆ ಟೈಮರಿನ ಕೂಗಿಗೇ ಬೆರಳು ಹೀಗೆ ತಡವರಿಸಿದರೆ, ಪ್ರಾಣಕ್ಕೆ ಬಂದಾಗ ಹೇಗೆ?

ರಿವಾಲ್ವರ್ ತೆಗೆದಾಗ ಇಂಥದ್ದು ಯಾವುದೂ ಆಗಲಿಲ್ಲ. ಗಟ್ಟಿಯಾಗಿ ಹಿಡಿಯುವುದೇ ಲೇಸರ್ ಹಚ್ಚುವುದು. ಭಯದಲ್ಲಿ ಮುಷ್ಟಿ ತಾನಾಗಿ ಬಿಗಿಯುತ್ತದೆ, ಆ ಬಿಗಿತವೇ ಗುಂಡಿಯನ್ನು ಒತ್ತುತ್ತದೆ. ಬೇರೆ ಕೆಲಸ ನೆನಪಿಡಬೇಕಿಲ್ಲ. ಒಂದು ಎಚ್ಚರಿಕೆ ಇದೆ: ಚುಕ್ಕೆ ಹತ್ತಲಿ ಅಂತ ಮುಷ್ಟಿ ಹಿಂಡುವಾಗ ಟ್ರಿಗರ್ ಬೆರಳೂ ಜೊತೆಗೆ ಹಿಂಡುವ ಸ್ವಭಾವ ಇರುತ್ತದೆ. ಆ ಬೆರಳು ಫ್ರೇಮಿನ ಮೇಲೆ ನೆಟ್ಟಗೆ ಇರಬೇಕು, ಗುಂಡು ಹಾರಿಸುವ ತೀರ್ಮಾನ ಆಗುವವರೆಗೆ ಅಲ್ಲೇ.

ಆ ನೆಟ್ಟಗಿನ ಬೆರಳಿನಿಂದಲೇ ಒಂದು ತಮಾಷೆಯ ಗೊಂದಲ ಆಯಿತು. ನನ್ನ ಗ್ರಿಪ್ ಲೇಸರಿನ ಕಣ್ಣು (ಕಿರಣ ಹೊರಡುವ ತೂತು) ಹಿಡಿಯ ಮೇಲ್ತುದಿಯಲ್ಲಿ ಬಲಗಡೆ ಇದೆ. ಬಲಗೈಯವರು ಬೆರಳನ್ನು ಫ್ರೇಮಿನ ಮೇಲೆ ಚಾಚಿದರೆ ಕಿರಣ ಸೀದಾ ಬೆರಳಿಗೇ ಹೊಡೆಯುತ್ತದೆ. ಮೊದಲ ದಿನ ಲೇಸರ್ ಕೆಟ್ಟಿದೆ ಅಂತಲೇ ಅಂದುಕೊಂಡೆ, ನೋಡಿದರೆ ಬೆರಳಿನ ಗೆಣ್ಣು ಕೆಂಪಗೆ ಹೊಳೆಯುತ್ತಿತ್ತು. ಬೆರಳು ಟ್ರಿಗರಿಗೆ ಇಳಿದ ಮೇಲೇ ಚುಕ್ಕೆ ಎದುರಿಗೆ ಬೀಳುತ್ತದೆ. ಕೆಲವರಿಗೆ ಇದು ದೋಷ. ನನಗೆ ಇದು ಇಷ್ಟವಾಯಿತು, ಯಾಕೆಂದರೆ ಚುಕ್ಕೆ ಕಾಣಿಸಿತು ಅಂದರೆ ಬೆರಳು ಟ್ರಿಗರಿನ ಮೇಲಿದೆ ಅಂತ ಅರ್ಥ, ಆ ಎಚ್ಚರ ಕಣ್ಣೆದುರಿಗೇ ಇರುತ್ತದೆ. ಎಡಗೈಗೆ ಬದಲಿಸಿದಾಗ ಬೆರಳು ಅಡ್ಡ ಬರುವುದಿಲ್ಲ, ಹೆಬ್ಬೆರಳನ್ನು ಮುಂದಕ್ಕೆ ಚಾಚಿದರೆ ಅದು ಅಡ್ಡ ಬರುತ್ತದೆ. ನಳಿಗೆಯ ಕೆಳಗೆ ಕೂರುವ ಹಸಿರು ಲೇಸರಿಗೆ ಈ ತೊಂದರೆ ಇಲ್ಲ.

ಚುಕ್ಕೆಯ ನಡುಕದ ಬಗ್ಗೆ ಹೇಳಲೇಬೇಕು. ಲೇಸರ್ ಹಾಕಿದ ಹೊಸತರಲ್ಲಿ ನನ್ನ ಗುರಿ ಸುಧಾರಿಸಲಿಲ್ಲ, ಕೆಟ್ಟಿತು. ಚುಕ್ಕೆ ಬೋರ್ಡಿನ ಮೇಲೆ ನೊಣದ ಹಾಗೆ ಓಡಾಡುತ್ತದೆ. ಅದು ನಟ್ಟನಡುವೆ ಬಂದ ಕ್ಷಣಕ್ಕೆ ಸರಿಯಾಗಿ ಟ್ರಿಗರ್ ಜಗ್ಗಿಬಿಡೋಣ ಅನಿಸುತ್ತದೆ. ಜಗ್ಗಿದರೆ ಗುಂಡು ಎಡಕ್ಕೆ, ಕೆಳಕ್ಕೆ. ಕೈ ಮೊದಲೂ ಅಷ್ಟೇ ನಡುಗುತ್ತಿತ್ತು, ಸೈಟಿನಲ್ಲಿ ಅದು ಕಾಣುತ್ತಿರಲಿಲ್ಲ ಅಷ್ಟೆ. 642ರಂಥ ಡಬಲ್ ಆಕ್ಷನ್ (ಒಂದೇ ಎಳೆತಕ್ಕೆ ಒಳಗಿನ ಹ್ಯಾಮರ್ ಹಿಂದೆ ಸರಿದು ಬಡಿಯುವ) ರಿವಾಲ್ವರಿನ ಟ್ರಿಗರ್ ಎಳೆಯಲು 5 ಕಿಲೋ ಭಾರಕ್ಕೂ ಹೆಚ್ಚು ಬಲ ಬೇಕು, ಅಂದರೆ ಗನ್ನಿನ ತೂಕದ ಹತ್ತು ಪಟ್ಟಿಗೂ ಜಾಸ್ತಿ. ಅಷ್ಟು ಹಗುರದ ವಸ್ತುವನ್ನು ಅಷ್ಟು ಬಲದಿಂದ ಎಳೆದೂ ಅಲ್ಲಾಡಿಸದೆ ಇರಬೇಕು.

ಇದನ್ನು ಕಲಿಸಿದ್ದೂ ಲೇಸರೇ. ಗುಂಡು ಎಲ್ಲಾ ತೆಗೆದು, ಗುಂಡು ತುಂಬುವ ಸಿಲಿಂಡರಿನ ಐದೂ ಗೂಡುಗಳನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬಂದು, ಡಮ್ಮಿ ಗುಂಡು ತುಂಬಿ, ಗುಂಡನ್ನು ತಡೆಯಬಲ್ಲ ಗಟ್ಟಿ ಗೋಡೆಯ ಕಡೆ ತಿರುಗಿ ಅಭ್ಯಾಸ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಒಂದು ರೂಪಾಯಿ ಅಗಲದ ವೃತ್ತ. ನಿಧಾನವಾಗಿ ಎಳೆಯುತ್ತ ಹೋದರೆ, ಗನ್ನಿನೊಳಗಿನ ಹ್ಯಾಮರ್ ಟಕ್ ಅಂದ ಕ್ಷಣದಲ್ಲಿ ಚುಕ್ಕೆ ವೃತ್ತದಿಂದ ಆಚೆ ಹಾರುವುದು ಕಾಣುತ್ತದೆ. ಸುಳ್ಳು ಹೇಳುವುದೇ ಇಲ್ಲ. ದಿನಕ್ಕೆ ಹತ್ತು ನಿಮಿಷ ಮಾಡಿದೆ. ಎರಡು ತಿಂಗಳಾದ ಮೇಲೆ ಚುಕ್ಕೆ ವೃತ್ತದೊಳಗೇ ನಡುಗಿ ಅಲ್ಲೇ ಉಳಿಯತೊಡಗಿತು. ರೇಂಜಿನಲ್ಲಿ 7 ಮೀಟರಿನಿಂದ ಹೊಡೆದ ಐದು ಗುಂಡನ್ನು ಅಂಗೈಯಿಂದ ಮುಚ್ಚುವ ಹಾಗಾಯಿತು. ಲೇಸರ್ ಆರಿಸಿ ಹೊಡೆದಾಗಲೂ ಹೆಚ್ಚುಕಡಿಮೆ ಅಷ್ಟೇ. ಆತ್ಮರಕ್ಷಣೆಯ ದಿನ ಎಂದೂ ಬಾರದಿರಲಿ. ಬಾರದಿದ್ದರೂ ಈ ಒಂದು ಉಪಯೋಗಕ್ಕೇ ಲೇಸರಿಗೆ ಕೊಟ್ಟ ಹಣ ಹುಟ್ಟಿತು ಅಂತ ನನಗೆ ಅನಿಸುತ್ತದೆ.

ಝೀರೋ ಮಾಡುವುದು (ಒಂದು ಗೊತ್ತಾದ ದೂರದಲ್ಲಿ ಚುಕ್ಕೆ, ಗುಂಡು ಎರಡೂ ಒಂದೇ ಕಡೆ ಬೀಳುವ ಹಾಗೆ ಹೊಂದಿಸುವುದು) ಎರಡರಲ್ಲೂ ಸುಲಭ, ಸಣ್ಣ ಅಲೆನ್ ಕೀಲಿಯ ಕೆಲಸ. ಗ್ರಿಪ್ ಲೇಸರಿನ ಕಣ್ಣು ನಳಿಗೆಯಿಂದ ಬಲಕ್ಕೆ ಸುಮಾರು 2 ಸೆಂ.ಮೀ. ದೂರ ಇದೆ ಅಂದುಕೊಳ್ಳಿ. 7 ಮೀಟರಿಗೆ ಝೀರೋ ಮಾಡಿದರೆ ಮೂರೂವರೆ ಮೀಟರಿನಲ್ಲಿ ಗುಂಡು ಚುಕ್ಕೆಯ ಎಡಕ್ಕೆ 1 ಸೆಂ.ಮೀ., 14 ಮೀಟರಿನಲ್ಲಿ ಬಲಕ್ಕೆ 2 ಸೆಂ.ಮೀ. ಬೀಳುತ್ತದೆ. ಬ್ಯಾಕಪ್ ಗನ್ ಕೆಲಸಕ್ಕೆ ಬರುವ ದೂರದಲ್ಲಿ ಇದು ಲೆಕ್ಕಕ್ಕಿಲ್ಲ. ನಳಿಗೆಯ ನೇರ ಕೆಳಗಿರುವ ಹಸಿರಿನಲ್ಲಿ ಈ ಅಡ್ಡ ವ್ಯತ್ಯಾಸವೂ ಇಲ್ಲ, ಆದರೆ ಒಂದು ಸಲ ಬಿಚ್ಚಿ ಹಾಕಿದ ಮೇಲೆ ಮತ್ತೆ ಝೀರೋ ನೋಡಬೇಕಾಯಿತು.

ಜೇಬಿನ ಧೂಳಿನ ಬಗ್ಗೆ ಯಾರೂ ಹೇಳಿರಲಿಲ್ಲ. ಮೂರು ವಾರ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿ, ಒಂದು ದಿನ ಹಚ್ಚಿದರೆ ಗೋಡೆಯ ಮೇಲೆ ಚುಕ್ಕೆಯ ಬದಲು ಬಾಲ ಬಂದಂಥ ಕೆಂಪು ಗೀಟು. ಲೇಸರಿನ ಕಣ್ಣಿನ ಗುಳಿಯಲ್ಲಿ ಬಟ್ಟೆಯ ಜುಂಗು ತುಂಬಿತ್ತು. ಬಡ್ಸ್‌ಗೆ ಸ್ವಲ್ಪ ಸ್ಪಿರಿಟ್ ತಾಗಿಸಿ ಒರೆಸಿದರೆ ಸರಿಹೋಗುತ್ತದೆ. ರೇಂಜಿಗೆ ಹೋಗಿ ಬಂದ ಮೇಲೂ ಒರೆಸಬೇಕು. ಹಸಿರು ನಳಿಗೆಯ ಬಾಯಿಗೆ ಹತ್ತಿರ, ಹೊಗೆಯ ಮಸಿ ಬೇಗ ಕೂರುತ್ತದೆ. ರಿವಾಲ್ವರಿನಲ್ಲಿ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಚಿಮ್ಮುವ ಮಸಿಯೂ ಬರುತ್ತದೆ, ಆದರೆ ಕಡಿಮೆ.

ಬ್ಯಾಟರಿ ಹಸಿರಿಗೆ ಬೇಗ ಮುಗಿಯುತ್ತದೆ. ಹೋಲ್‌ಸ್ಟರಿನ ಖರ್ಚೂ ಹಸಿರಿನ ಕಡೆಯೇ ಜಾಸ್ತಿ, ಕೆಳಗೆ ಲೇಸರ್ ಕೂತ ಗನ್ ಹಳೆಯ ಹೋಲ್‌ಸ್ಟರಿನಲ್ಲಿ ಕೂರುವುದಿಲ್ಲ. ಗ್ರಿಪ್ ಲೇಸರ್ ಹಿಡಿಯಲ್ಲೇ ಇರುವುದರಿಂದ ನನ್ನ ಹಳೆಯ ಜೇಬು ಹೋಲ್‌ಸ್ಟರೇ ಸಾಕಾಯಿತು.

ಕೊನೆಯದಾಗಿ ನೆಲದ ಅಭ್ಯಾಸ. ಖಾಲಿ ಗನ್ ಹಿಡಿದು, ಬೆನ್ನ ಮೇಲೆ ಮಲಗಿ, ಯಾರೋ ತಳ್ಳಿ ಬೀಳಿಸಿದ್ದಾರೆ ಅಂತ ಅಂದುಕೊಂಡು ಎದೆಯ ಹತ್ತಿರದಿಂದಲೇ ಗುರಿ ಹಿಡಿಯುವುದು. ತಲೆ ಎತ್ತಿ ಸೈಟಿನ ಸಾಲಿಗೆ ಕಣ್ಣು ತರಲು ಆಗುವುದೇ ಇಲ್ಲ. ಒಂದು ಕೈ ಮುಖಕ್ಕೆ ಅಡ್ಡ ಇರುತ್ತದೆ. ಚುಕ್ಕೆ ಮಾತ್ರ ಎಲ್ಲಿದ್ದರೂ ಕಾಣುತ್ತದೆ, ಕಣ್ಣು ಎದುರಿನವನ ಮೇಲೇ ಇರುತ್ತದೆ. ಬ್ಯಾಕಪ್ ಗನ್ ಕೈಗೆ ಬರುವುದು ಬಹುತೇಕ ಇಂಥ ಕೆಟ್ಟ ಭಂಗಿಯಲ್ಲೇ. ಪಕ್ಕದ ಗುಂಡಿಯ ಹಸಿರನ್ನು ಈ ಭಂಗಿಯಲ್ಲಿ ಎಡಗೈ ಒಂದರಿಂದ ಹಚ್ಚಲು ಹೋದಾಗ ಗನ್ ಎರಡು ಸಲ ಕೈಯಿಂದ ಜಾರಿತು.

ಗೆಳೆಯನ ರಿವಾಲ್ವರಿನಲ್ಲಿ ಟ್ರಿಟಿಯಂ (ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್) ಫ್ರಂಟ್ ಸೈಟ್ ಇದೆ, ಅದನ್ನೂ ಹೊಡೆದು ನೋಡಿದೆ. ಬ್ಯಾಟರಿ ಬೇಡ, ಸ್ವಿಚ್ ಬೇಡ, ಕತ್ತಲಲ್ಲಿ ಸದಾ ಮಿನುಗುತ್ತದೆ. ಟ್ರಿಟಿಯಂ ಅರ್ಧಾಯು 12.3 ವರ್ಷ, ಅಲ್ಲಿಗೆ ಹೊಳಪು ಅರ್ಧಕ್ಕೂ ಕಡಿಮೆ. ಕಣ್ಣು ಚೆನ್ನಾಗಿದ್ದರೆ ನಾನು ಇದನ್ನೇ ಹಾಕಿಸುತ್ತಿದ್ದೆನೋ ಏನೋ. ನನ್ನ ಕಣ್ಣಿಗೆ ಅದೂ ಮಸುಕು ಹಸಿರು ಉಂಡೆ.

ಲೇಸರಿನಿಂದ ಆಗದ ಕೆಲಸ ಒಂದಿದೆ. ಕತ್ತಲಲ್ಲಿ ಎದುರಿಗೆ ಯಾರಿದ್ದಾರೆ ಅಂತ ಅದು ತೋರಿಸುವುದಿಲ್ಲ. ಚುಕ್ಕೆ ಬಿದ್ದಿದೆ, ಆದರೆ ಯಾರ ಮೇಲೆ? ನಡುರಾತ್ರಿ ನೀರಿಗೆ ಎದ್ದ ಮಗನ ಮೇಲೂ ಬಿದ್ದಿರಬಹುದು. ಹಾಗಾಗಿ ಹಾಸಿಗೆ ಪಕ್ಕ ಟಾರ್ಚ್ ಕಡ್ಡಾಯ, ಮೊದಲು ಬೆಳಕು, ಮೊದಲು ಮುಖ. ಚುಕ್ಕೆ ನೋಡಿ ಎದುರಿನವನು ಹೆದರಿ ಓಡುತ್ತಾನೆ ಅನ್ನುವ ನಂಬಿಕೆಯನ್ನೂ ಇಟ್ಟುಕೊಳ್ಳಬೇಡಿ. ಅವನು ಅದನ್ನು ಗಮನಿಸದೆಯೂ ಇರಬಹುದು. ಅಭ್ಯಾಸ ಮಾಡುವಾಗ ಕನ್ನಡಿ, ಗಾಜು ಇರುವ ಕಡೆ ಲೇಸರ್ ಹಚ್ಚಬೇಡಿ, ತಿರುಗಿ ಕಣ್ಣಿಗೇ ಬಡಿಯುತ್ತದೆ.

ಹಸಿರನ್ನು ಬಿಚ್ಚಿಟ್ಟಿದ್ದೇನೆ. ಎಲ್‌ಸಿಪಿಗೆ ಮಧ್ಯದ ಬೆರಳಿನ ಒತ್ತಿಗೆ ಹತ್ತುವ ಕೆಂಪು ಲೇಸರ್ ಹಾಕಿಸಬೇಕು. ಅದೇ ಬಗೆಯ ಸ್ವಿಚ್ಚಿನಲ್ಲಿ ಹಸಿರು ಸಿಕ್ಕರೆ ಅದನ್ನೂ ನೋಡುತ್ತೇನೆ, ಹಗಲಿಗೆ ಒಳ್ಳೆಯದೇ. 642 ಈಗ ಕಿತ್ತಳೆ ಬಳಿದ ಫ್ರಂಟ್ ಸೈಟ್, ಕೆಂಪು ಗ್ರಿಪ್ ಲೇಸರ್ ಎರಡರ ಜೊತೆಗೆ ಜೇಬಿನಲ್ಲಿರುತ್ತದೆ. ಗೋಡೆಯ ಮೇಲಿನ ಪೆನ್ಸಿಲ್ ವೃತ್ತದೊಳಗೆ ಮೊನ್ನೆ ಇನ್ನೊಂದು ಚಿಕ್ಕ ವೃತ್ತ ಬರೆದೆ. ಚುಕ್ಕೆ ಅದರೊಳಗೆ ಇನ್ನೂ ನಿಲ್ಲುತ್ತಿಲ್ಲ.